ವಾಟು ನೋಡಬೇಡಿ, ಕೋಣೆ ನೋಡಿ

ಓಣಂ ರಿಯಾಯಿತಿಯ ಕಾಲ ಬಂತೆಂದರೆ ಪೇಟೆಯ ಅಂಗಡಿಗಳ ಮುಂದೆ ಎದೆಯೆತ್ತರದ ಸ್ಪೀಕರು ಪೆಟ್ಟಿಗೆಗಳು ಸಾಲಾಗಿ ನಿಲ್ಲುತ್ತವೆ. ಮೈತುಂಬ ಬಣ್ಣದ ದೀಪ, ನೆತ್ತಿಯ ಮೇಲೆ ಸಾವಿರಾರು ವಾಟಿನ ಚೀಟಿ. ನಮ್ಮವರೂ ಕೊಳ್ಳುತ್ತಾರೆ, ಬೇಡವೆನ್ನಲು ನಾವು ಯಾರು? ಆದರೆ ಮನೆಗೆ ತಂದು ತಾಳಮದ್ದಳೆಯೊಂದನ್ನು ಹಾಕಿದಾಗ ಮದ್ದಳೆ ಮಾತ್ರ ಗುಂಯ್ಗುಟ್ಟಿ, ಅರ್ಥಧಾರಿಯ ಮಾತು ಎಲ್ಲಿಯೋ ಹೂತುಹೋದರೆ ಆ ಹಣ ಯಾತಕ್ಕಾಗಿ ವ್ಯಯವಾಯಿತೆಂದು ಕೇಳಲೇಬೇಕಾಗುತ್ತದೆ.

ನಮ್ಮ ಮನೆಗಳಿಗೆ ಇದು ಬರಿಯ ಶೋಕಿಯ ವಿಚಾರವಲ್ಲ. 1956ರಿಂದೀಚೆಗೆ ಇಲ್ಲಿ ಕಚೇರಿಯ ಮಾತು, ಪೇಟೆಯ ಮಾತು ಹೆಚ್ಚಾಗಿ ಮಲಯಾಳ. ಒಳ್ಳೆಯ ಕನ್ನಡ ಮಕ್ಕಳ ಕಿವಿಗೆ ಬೀಳಬೇಕಾದರೆ ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಟ-ಕೂಟ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಬಲಿಪ ನಾರಾಯಣ ಭಾಗವತರು 2023ರಲ್ಲಿ. ಇನ್ನು ಅವರನ್ನು ಕೇಳುವುದು ಧ್ವನಿಮುದ್ರಣದಲ್ಲಿ ಮಾತ್ರ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಶ ಷ ಸಗಳ ಭೇದ ಇವೆಲ್ಲ ಹೆಚ್ಚಾಗಿ 2000ದಿಂದ 8000 ಹರ್ಟ್ಸ್‌ವರೆಗಿನ ಮೇಲುಸ್ವರದಲ್ಲಿವೆ. ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದೂ ಅದನ್ನೇ. ಆದ್ದರಿಂದ ಅಜ್ಜನಿಗೂ ಮೊಮ್ಮಗನಿಗೂ ಬೇಕಾದದ್ದು ಗದ್ದಲವಲ್ಲ, ಸ್ಪಷ್ಟತೆ.

ಇನ್ನು ಆ ವಾಟಿನ ಲೆಕ್ಕ. ಚೀಟಿಯಲ್ಲಿ 'ಪಿ.ಎಂ.ಪಿ.ಒ.' ಎಂದಿದ್ದರೆ ಆ ಸಂಖ್ಯೆಯನ್ನು ಓದಲೇಬೇಡಿ. ಅದಕ್ಕೊಂದು ಒಪ್ಪಿತವಾದ ಅಳತೆಯೇ ಇಲ್ಲ. 'ಆರ್.ಎಂ.ಎಸ್.' ಎಂದು ಬರೆದದ್ದೆಷ್ಟು ಎಂದು ಕೇಳಿ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಖ್ಯೆಯಿದೆ: ಒಂದು ವಾಟು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬುದು. ಸಾಧಾರಣ ಸ್ಪೀಕರಿಗೆ ಅದು 86 ಎನ್ನೋಣ. ಎರಡು ಮೀಟರ್ ದೂರ ಕುಳಿತರೆ 6 ಡೆಸಿಬೆಲ್ ಇಳಿದು 80 ಆಗುತ್ತದೆ. ಜೋಡಿಯ ಇನ್ನೊಂದು ಸ್ಪೀಕರು ಸೇರಿದರೆ ಸುಮಾರು 83. ಎದುರೆದುರು ಕುಳಿತ ಇಬ್ಬರ ಸಾಮಾನ್ಯ ಮಾತುಕತೆ 60ರ ಆಸುಪಾಸು. ಅಂದರೆ ಸಣ್ಣ ಕೋಣೆಯಲ್ಲಿ ಒಂದೊಂದು ಸ್ಪೀಕರಿಗೆ ಒಂದೇ ವಾಟು ಸಿಕ್ಕಿದರೂ ಬೇಕಾದಷ್ಟಾಯಿತು! ಚೆಂಡೆಯ ಪೆಟ್ಟು ಬಿದ್ದಾಗ ಒಡೆಯದಿರಲು ಇದರ ಹತ್ತಿಪ್ಪತ್ತು ಪಟ್ಟು ಕೈಯಲ್ಲಿರಬೇಕು, ಒಪ್ಪೋಣ. ಆಗಲೂ 20 ವಾಟು. ಸಾವಿರಗಳು ಎಲ್ಲಿಂದ ಬಂದವೆಂದು ಅಂಗಡಿಯವರೇ ಹೇಳಬೇಕು.

ಹತ್ತಡಿಗೆ ಹತ್ತಡಿಯ ಕೋಣೆಗೆ ನಾಲ್ಕೈದು ಇಂಚಿನ ವೂಫರು, ಜತೆಗೆ ಪ್ರತ್ಯೇಕ ಟ್ವೀಟರು ಇರುವ ಸಣ್ಣ ಜೋಡಿ ಧಾರಾಳ ಸಾಕು. ಒಳಗೇ ಆಂಪ್ಲಿಫಯರು ಅಡಕವಾಗಿರುವ ಜೋಡಿಯಾದರೆ ಬೇರೆ ಖರ್ಚಿಲ್ಲ, ಮೊಬೈಲಿಗೂ ಟಿ.ವಿ.ಗೂ ಅದನ್ನೇ ಜೋಡಿಸಬಹುದು. ಇಂಥ ಕೋಣೆಗೆ ಸಬ್‌ವೂಫರು ತರುವುದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸ್ವರ ತಾನಾಗಿಯೇ ಮೊಳಗುತ್ತದೆ. ಕೋಣೆ ಚಚ್ಚೌಕವಾಗಿದ್ದರೆ ಉದ್ದದ್ದೂ ಅಗಲದ್ದೂ ಒಂದೇ ಸ್ವರದಲ್ಲಿ ಕೂಡಿಕೊಂಡು ಇಮ್ಮಡಿ ಉಪದ್ರವ. ಗಂಡಸಿನ ಮಾತಿನ ಮೂಲಸ್ವರವಾದರೂ 85 ಹರ್ಟ್ಸ್‌ಗಿಂತ ಕೆಳಗಿಳಿಯುವುದು ಅಪರೂಪ. ಹಾಗಿರುವಾಗ ಆ ಗುಡುಗು ಯಾರಿಗಾಗಿ? ಸ್ಪೀಕರನ್ನು ಮೂಲೆಗೆ ತುರುಕಿದರೂ ಇದೇ ಗತಿ. ಗೋಡೆಯಿಂದ ಒಂದಡಿಯಾದರೂ ಈಚೆಗಿರಲಿ, ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಕಂಡಿ ಇದ್ದರಂತೂ ಇನ್ನಷ್ಟು. ಟೈಲ್ಸ್ ನೆಲದ ಹೊಸ ಟೆರೇಸು ಮನೆಗಳಲ್ಲಿ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಒಂದು ದಪ್ಪ ಜಮಖಾನ, ಕಿಟಕಿಗೆ ಪರದೆ, ಪುಸ್ತಕ ತುಂಬಿದ ಕಪಾಟು ಇದ್ದರೆ ಆಗುವ ಸುಧಾರಣೆ ದುಬಾರಿ ಸ್ಪೀಕರಿನಿಂದಲೂ ಆಗದು.

ಹನ್ನೆರಡಕ್ಕೆ ಹದಿನಾರಡಿಯ ಕೋಣೆಗೆ ಆರು, ಆರೂವರೆ ಇಂಚಿನ ಜೋಡಿ, 30ರಿಂದ 50 ವಾಟಿನ ಆಂಪ್ಲಿಫಯರು ಹಿಡಿಸುತ್ತದೆ.

ಹಳೆಯ ಮನೆಗಳ ಚಾವಡಿಯದು ಬೇರೆಯೇ ಕಥೆ. ಮೇಲೆ ಹಂಚು, ಒಂದು ಮಗ್ಗುಲು ಜಗಲಿಗೆ ಬಯಲು. ಅಲ್ಲಿ ಮೊಳಗುವ ಭಯವಿಲ್ಲ, ಸದ್ದು ಹೊರಗೆ ಹರಿದುಹೋಗುವ ಭಯ. 90 ಡೆಸಿಬೆಲಿನ ಆಸುಪಾಸಿನ, ಎಂಟಿಂಚಿನ ವೂಫರಿನ ಪೆಟ್ಟಿಗೆ ಸಿಕ್ಕಿದರೆ ಒಳ್ಳೆಯದು. 3 ಡೆಸಿಬೆಲ್ ಹೆಚ್ಚೆಂದರೆ ಆಂಪ್ಲಿಫಯರಿನ ಶಕ್ತಿ ಇಮ್ಮಡಿಯಾದಂತೆ. ಅಷ್ಟು ಹಣವಿಲ್ಲವೇ? ಕುರ್ಚಿಯನ್ನು ಮುಂದೆ ಎಳೆದುಕೊಳ್ಳಿ. ದೂರ ಅರ್ಧವಾದರೆ ನಾಲ್ಕು ಪಟ್ಟು ವಾಟಿಗೆ ಹತ್ತಿರ ಹತ್ತಿರ ಸಮ. ಇದಕ್ಕೆ ಯಾವ ಓಣಂ ರಿಯಾಯಿತಿಯೂ ಬೇಡ.

ಒಂದೇ ಡಬ್ಬಿಯಲ್ಲಿ ಬರುವ ಬ್ಲೂಟೂತ್ ಸ್ಪೀಕರಿನ ಮೇಲೆ 'ಸ್ಟೀರಿಯೋ' ಎಂದು ಬರೆದಿರುತ್ತಾರೆ. ಎರಡು ಸ್ಪೀಕರುಗಳ ನಡುವೆ ಗೇಣು ಅಂತರವಿದ್ದರೆ ಎಡವೂ ಇಲ್ಲ, ಬಲವೂ ಇಲ್ಲ. ಪ್ರಯಾಣಕ್ಕೆ ಅದು ಸರಿ. ಮನೆಯಲ್ಲಾದರೆ ಜೋಡಿಯ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನೀವು ಕೂರುವಂತೆ, ಟ್ವೀಟರು ಕಿವಿಯ ಮಟ್ಟಕ್ಕೆ ಬರುವಂತೆ ಇರಿಸಿ.

ಅಂಗಡಿಯಲ್ಲಿ ಪರೀಕ್ಷೆಗೆಂದು ಅವರು ಹಾಕುವುದು ಸಿನೆಮಾ ಹಾಡು. ಕೂಡದು. ಹಳೆಯ ತಾಳಮದ್ದಳೆಯ ಒಂದು ತುಣುಕನ್ನು ಮೊಬೈಲಿನಲ್ಲಿ ಕೊಂಡುಹೋಗಿ, ಅದನ್ನೇ ಹಾಕಿಸಿ. ಅಂಥ ಮುದ್ರಣಗಳಲ್ಲಿ ಎಷ್ಟೋ 'ಮೋನೋ'. ಎರಡು ಸ್ಪೀಕರುಗಳ ನಟ್ಟನಡುವೆ ಅರ್ಥಧಾರಿ ಬಂದು ಕುಳಿತಂತೆ ಕೇಳಿಸಬೇಕು. ಮಾತು ದಿಕ್ಕಿಲ್ಲದೆ ತೇಲಾಡಿದರೆ ಒಂದು ತಂತಿ ಅದಲು ಬದಲಾಗಿದೆ ಎಂದು ತಿಳಿಯಿರಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

ನಮ್ಮ ಮಳೆಗಾಲವನ್ನೂ ಮರೆಯುವಂತಿಲ್ಲ. ವೂಫರಿನ ಅಂಚು ಸ್ಪಂಜಿನದ್ದಾದರೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ, ರಬ್ಬರಿನದ್ದು ಬಾಳುತ್ತದೆ. ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿದರೆ ಮೊದಲು ಆ ಅಂಚನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ. ಅಂಚು ಹೋದದ್ದನ್ನು ಹೊಸತು ಹಾಕಿಸಬಹುದು, ಕಾಯಿಲು ಸುಟ್ಟದ್ದಾದರೆ ಬಿಟ್ಟುಬಿಡಿ.

ವಾಚನಾಲಯಗಳ, ಯುವಕ ಸಂಘಗಳ ಸಮಿತಿಯವರಲ್ಲಿ ಒಂದು ಮಾತು. ಸಭೆಗೆಂದು ತಂದ ಹಾರ್ನು ಮೈಲು ದೂರಕ್ಕೆ ಕೂಗಲು ಹುಟ್ಟಿದ್ದು, ಕುಳಿತು ಕೇಳಲಿಕ್ಕಲ್ಲ. ಮುಂದಿನ ವರ್ಷದ ಆಯವ್ಯಯದಲ್ಲಿ ಒಂದು ಒಳ್ಳೆಯ ಜೋಡಿಗೆ ಹಣ ತೆಗೆದಿರಿಸಿ, ಶನಿವಾರ ಸಂಜೆ ಬಾಗಿಲು ತೆರೆಯಿರಿ. ಯಾರ ಮನೆಯಲ್ಲಿ ಕ್ಯಾಸೆಟ್ಟುಗಳಿವೆಯೋ ಅವರು ತಂದು ಹಾಕಲಿ, ತೇವಕ್ಕೆ ಅವು ಬೂಷ್ಟು ಹಿಡಿಯುವ ಮೊದಲು.