ನಕ್ಷತ್ರದ ದೋಸೆ ಯಾರಿಗೋಸ್ಕರ?

(1/5)
ನಿಮ್ಮ ಫೀಡಲ್ಲೂ ಬರ್ತಿರುತ್ತೆ. ಐದು ಖಾನೆಯ ಡಬ್ಬಿ, ಒಂದರಲ್ಲಿ ಬ್ಲೂಬೆರಿ, ಒಂದರಲ್ಲಿ ಅವಕಾಡೊ, ನಡುವೆ ನಕ್ಷತ್ರದ ಆಕಾರಕ್ಕೆ ಕತ್ತರಿಸಿದ ದೋಸೆ. ಮೇಲೆ 'ಹಟಮಾರಿ ಮಗು ಕೂಡ ತಟ್ಟೆ ಖಾಲಿ ಮಾಡುತ್ತೆ' ಅಂತ ದಪ್ಪಕ್ಷರ. ಬಿಕಾಂ ಓದೋರಿಗೆ ಇದ್ಯಾಕೆ ಅಂತೀರಾ? ಆ ರೀಲನ್ನ ಅಕ್ಕನಿಗೋ ಅತ್ತಿಗೆಗೋ 'ಟ್ರೈ ಮಾಡು' ಅಂತ ಫಾರ್ವರ್ಡ್ ಮಾಡೋರು ನಾವೇ ಅಲ್ವಾ? ದಯವಿಟ್ಟು ನಿಲ್ಲಿಸಿ. ನಮ್ಮಕ್ಕನ ಮಗನಿಗೆ ಎರಡು ವರ್ಷ, ಮೂರು ಹೊತ್ತೂ ಮೊಸರನ್ನವೇ ಬೇಕು. ಅವಳ ಫೋನಿಗೆ ದಿನಾ ಇಂಥ ನಾಲ್ಕು ರೀಲ್ ಬರುತ್ತೆ. ಪ್ರತಿಯೊಂದೂ ಅವಳಿಗೆ ಹೇಳೋದು ಒಂದೇ: ಮಗು ತಿಂತಿಲ್ಲ ಅಂದ್ರೆ ನೀನು ಸರಿಯಾಗಿ ಮಾಡ್ತಿಲ್ಲ.

(2/5)
ಲೆಕ್ಕ ನೋಡೋಣ, ನಮ್ಮ ಸಬ್ಜೆಕ್ಟೇ ತಾನೇ. ಹುಟ್ಟಿದಾಗ 3 ಕೆಜಿ ಇದ್ದ ಮಗು ಮೊದಲ ಹುಟ್ಟುಹಬ್ಬಕ್ಕೆ ಸುಮಾರು 9 ಕೆಜಿ ಆಗುತ್ತೆ. ಎರಡನೇ ವರ್ಷ ಪೂರ್ತಿ ಸೇರಿಸಿದ್ರೂ ಏರೋದು ಎರಡು, ಎರಡೂವರೆ ಕೆಜಿ. ಅಂದ್ರೆ 200 ಪರ್ಸೆಂಟ್ ಬೆಳೆದ ಕಂಪನಿ ಮರುವರ್ಷ 25ಕ್ಕೆ ಇಳೀತು. ಬೆಳವಣಿಗೆ ನಿಧಾನ ಆದಾಗ ಹಸಿವೂ ಕಡಿಮೆ ಆಗುತ್ತೆ. ಹೊಸ ತಿಂಡಿ ಕಂಡ್ರೆ ಮುಖ ತಿರುಗಿಸೋದೂ ಆ ವಯಸ್ಸಿಗೆ ಸಹಜ. ಇದರ ಮಧ್ಯೆ 'ಪಾಪ, ಏನೂ ತಿಂದಿಲ್ಲ' ಅಂತ ಹನ್ನೊಂದು ಗಂಟೆಗೆ ಬಿಸ್ಕೆಟ್, ಹನ್ನೆರಡಕ್ಕೆ ದೊಡ್ಡ ಲೋಟ ಹಾಲು. ಒಂದು ಗಂಟೆಗೆ ಊಟ ಯಾಕೆ ಬೇಕು ಹೇಳಿ?

(3/5)
ಆಮೇಲೆ ಫೋನ್. ಕಾರ್ಟೂನ್ ಹಾಕಿದ್ರೆ ಬಾಯಿ ತೆರೆಯುತ್ತೆ, ನಿಜ. ಆದ್ರೆ ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗಲ್ಲ, ಬಾಯಲ್ಲಿರೋದು ಏನು ಅಂತಲೂ ಗೊತ್ತಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು. 'ನಮ್ಮಜ್ಜಿ ಚಂದಮಾಮನ್ನ ತೋರಿಸಿ ಉಣಿಸ್ತಿರಲಿಲ್ವಾ' ಅಂತ ಕೇಳ್ತೀರಿ. ಚಂದಮಾಮ ಆಟೋಪ್ಲೇ ಆಗಲ್ಲ.

(4/5)
ಈ ಗಾಬರಿಯ ಮೇಲೆಯೇ ಒಂದು ಮಾರ್ಕೆಟ್ ನಿಂತಿದೆ. 'ಮಗು ತಿಂತಿಲ್ವಾ? ಹಾಲಿಗೆ ಎರಡು ಚಮಚ ಈ ಪುಡಿ ಹಾಕಿ.' ನಮ್ಮ ಆಹಾರ ಸುರಕ್ಷತಾ ಕಾನೂನಲ್ಲಿ 'ಹೆಲ್ತ್ ಡ್ರಿಂಕ್' ಅನ್ನೋದಕ್ಕೆ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಬೋರ್ನ್‌ವಿಟಾ ಥರದವನ್ನ ಆ ಹೆಸರಿನ ವಿಭಾಗದಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯ್ತು. ಡಬ್ಬಿ ತಿರುಗಿಸಿ ಸಕ್ಕರೆ ಎಷ್ಟಿದೆ ಓದಿ. ಬ್ಯಾಲೆನ್ಸ್ ಶೀಟ್ ಓದೋರಿಗೆ ಅದೇನು ಕಷ್ಟ?

ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. (ಗಂಜಿ ನೀರು ಸೇರಿ ತೆಳ್ಳಗಾಗುತ್ತೆ, ಒಂದು ಬಟ್ಟಲಿಗೆ ಅಷ್ಟೂ ಸಿಗಲ್ಲ. ಅತಿಶಯ ಮಾಡೋ ಕೆಲಸ ರೀಲಿನವರಿಗೇ ಇರಲಿ.) ಆದ್ರೂ ಒಂದು ಡಬ್ಬಿ ಬ್ಲೂಬೆರಿ ದುಡ್ಡಿಗೆ ತಿಂಗಳ ರಾಗಿಹಿಟ್ಟು ಬರುತ್ತಲ್ವಾ?

(5/5)
'ಹಾಗಾದ್ರೆ ಏನು ಕೊಡೋದು?' ಮನೇಲಿ ಮಾಡಿದ್ದನ್ನೇ. ಸಾರಿಗೆ ಖಾರ ಹಾಕೋ ಮುಂಚೆ ಬೆಂದ ಬೇಳೆ, ಸೊಪ್ಪು ಒಂದು ಬಟ್ಟಲು ಎತ್ತಿಡಿ, ಮೇಲೆ ತುಪ್ಪ. ನುಚ್ಚಿನುಂಡೆ ಮಾಡಿ, ಮಗು ತಾನೇ ಹಿಡ್ಕೊಂಡು ಕಚ್ಚುತ್ತೆ. ಹೆಸರುಬೇಳೆ ಪೊಂಗಲ್, ಮೆತ್ತಗಿನ ಇಡ್ಲಿ, ಬೇಯಿಸಿದ ಮೊಟ್ಟೆ, ಪರಂಗಿಹಣ್ಣು. ಕಡಲೆಬೀಜ ಇಡಿಯಾಗಿ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಹಾಕೊಳ್ಳುತ್ತೆ. ನುಣ್ಣಗೆ ಪುಡಿ ಮಾಡಿ ಅನ್ನಕ್ಕೆ ಕಲಸಿ.

ಮೊಸರನ್ನ ಕೇಳುತ್ತಾ? ಕೊಡಿ. ಪಕ್ಕದಲ್ಲಿ ಒಂದೇ ಚಮಚ ಕ್ಯಾರೆಟ್ ಪಲ್ಯ ಇಡಿ, ಏನೂ ಹೇಳಬೇಡಿ. ಇವತ್ತು ಎಸೆಯುತ್ತೆ. ನಾಳೆಯೂ ಎಸೆಯುತ್ತೆ. ಹತ್ತು ಹದಿನೈದು ಸಲ ಕಂಡ ಮೇಲೆ ಒಂದಿನ ಬಾಯಿಗಿಟ್ಟುಕೊಳ್ಳಬಹುದು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳೋ ಪದ್ಧತಿ ಇದಕ್ಕೆ ಹತ್ತಿರ: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಪಾಲು, ತಿನ್ನಬೇಕಾ, ಎಷ್ಟು ಅನ್ನೋದು ಮಗುವಿನ ಪಾಲು. 'ಗುಮ್ಮ ಬರ್ತಾನೆ' ಇಬ್ಬರ ಪಾಲಿಗೂ ಸೇರಿಲ್ಲ.

ತೂಕ ಏರ್ತಾನೇ ಇಲ್ಲ, ಇಳೀತಿದೆ, ನುಂಗೋಕೇ ಕಷ್ಟ ಪಡ್ತಿದೆ ಅಂದ್ರೆ ರೀಲೂ ಬೇಡ, ನನ್ನ ಪೋಸ್ಟೂ ಬೇಡ, ಡಾಕ್ಟರ ಹತ್ರ ಹೋಗಿ. ಅನುಮಾನ ಇದ್ರೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ಚಾರ್ಟ್ ಅಲ್ಲೇ ಇರುತ್ತೆ. 'ಸಣ್ಣ ಆಗಿದಾನೆ' ಅನ್ನೋ ಪಕ್ಕದ್ಮನೆ ಆಂಟಿ ಕಣ್ಣು ತಕ್ಕಡಿ ಅಲ್ಲ.

ಇನ್ನೊಂದು ವಿಷಯ. ಆ ರೀಲ್‌ಗಳಲ್ಲಿ ದೋಸೆ ಕತ್ತರಿಸೋ ಕೈಯಲ್ಲಿ ಯಾವಾಗಲೂ ಬಳೆ ಇರುತ್ತೆ, ಗಮನಿಸಿದ್ದೀರಾ? ಊಟಕ್ಕೆ ಕೂರಿಸೋದು, ಒರೆಸೋದು, ಬೈಸಿಕೊಳ್ಳೋದು ಎಲ್ಲ ಒಬ್ಬಳೇ. ಈ ಪೋಸ್ಟನ್ನ ಅಕ್ಕನಿಗೆ ಕಳಿಸಬೇಡಿ. ಭಾವನ್ನ ಟ್ಯಾಗ್ ಮಾಡಿ.