ಮೊದಲು ನಳ ಬರಲಿ, ಆಮೇಲೆ ಕೈ ತೊಳೆಯೋ ಪಾಠ

"ಕೈ ತೊಳೆಯಿರಿ, ನೀರು ಕಾಯಿಸಿ ಕುಡಿಯಿರಿ." ಕೊಳಗೇರಿಯ ಗೋಡೆಗಳ ಮೇಲೆ ಬರೆಸೋ ಈ ಬುದ್ಧಿಮಾತುಗಳಲ್ಲಿ ತಪ್ಪೇನಿಲ್ಲ. ಸೋಪು ಹಚ್ಚಿ ಕೈ ತೊಳೆದ್ರೆ ಮಕ್ಕಳ ವಾಂತಿ-ಭೇದಿ ಕಡಿಮೆಯಾಗುತ್ತೆ ಅನ್ನೋದು ನಿಜ. ಆದ್ರೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರೋ ಮನೇಲಿ ದಿನಕ್ಕೆ ಹತ್ತು ಸಲ ಕೈ ತೊಳೆಯೋದು ಹೇಗೆ ಸ್ವಾಮಿ?

ಹುಬ್ಬಳ್ಳಿ-ಧಾರವಾಡವನ್ನೇ ತಗೊಳ್ಳಿ. ವರ್ಷಗಟ್ಟಲೆ ಅಲ್ಲಿನ ಜನ "ನಳ ಬಂತು" ಅನ್ನೋ ಕೂಗಿಗೆ ಕಾದು, ಇದ್ದಬದ್ದ ಕೊಡ, ಬಕೆಟ್, ಡ್ರಮ್ ಎಲ್ಲಾ ತುಂಬಿಸಿಟ್ಟುಕೊಂಡು ಬದುಕಿದವರು.

ಹೀಗೆ ಬಿಟ್ಟು ಬಿಟ್ಟು ನೀರು ಕೊಟ್ರೆ ತೊಂದರೆ ಎರಡು ಕಡೆ. ಒಂದು, ಪೈಪಿನೊಳಗೆ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರೋಲ್ಲ. ಪಕ್ಕದ ಗಟಾರದ ಕೊಳೆ ಬಿರುಕುಗಳಿಂದ, ಸಡಿಲ ಜಾಯಿಂಟುಗಳಿಂದ ಒಳಗೆ ಸೇರುತ್ತೆ. ಎರಡು, ಮನೆಯೊಳಗೆ. ಡ್ರಮ್ಮಿನಲ್ಲಿ ದಿನಗಟ್ಟಲೆ ಕೂತ ನೀರಲ್ಲಿ ಕ್ಲೋರಿನ್ ಉಳಿಯೋಲ್ಲ. ಮಗು ಲೋಟದ ಜೊತೆ ಕೈಯನ್ನೂ ಅದ್ದುತ್ತೆ. ಮುಚ್ಚಳ ಇಲ್ಲದಿದ್ರೆ ಡೆಂಗಿ ಹರಡೋ ಸೊಳ್ಳೆ ಅಲ್ಲೇ ಮೊಟ್ಟೆ ಇಡುತ್ತೆ. ಇದರಲ್ಲಿ ಆ ತಾಯಿಯ ತಪ್ಪೇನಿದೆ?

2008ರ ಹೊತ್ತಿಗೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಆ ಅವಳಿ ನಗರದ 8 ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬಂತು. ನಾನಿರೋ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆ ಮನೆಗಳನ್ನೂ ಉಳಿದ ವಾರ್ಡುಗಳ ಮನೆಗಳನ್ನೂ ಹೋಲಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಐದು ವರ್ಷದೊಳಗಿನ ಮಕ್ಕಳ ಒಟ್ಟು ಭೇದಿ ಪ್ರಕರಣಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಸುಮಾರು ಶೇ. 37ರಷ್ಟು ಕಡಿಮೆ ಇತ್ತು! ಟೈಫಾಯ್ಡ್ ಬಂದ ಮನೆಗಳೂ ಕಡಿಮೆ.

ಯಾಕೆ ಬಡವರಲ್ಲೇ ಈ ಲಾಭ? ನನಗನ್ಸೋದು ಇಷ್ಟು: ಸ್ಥಿತಿವಂತರ ಮನೇಲಿ ಸಂಪು, ಮೋಟಾರು, ಮೇಲೊಂದು ಟ್ಯಾಂಕು, ಅಡುಗೆಮನೇಲಿ ಫಿಲ್ಟರು ಇರುತ್ತೆ. ಕೊಳಗೇರಿಯವರಿಗೆ ಇರೋದು ಆ ಡ್ರಮ್ ಒಂದೇ. "ಬಡವರಿಗೆ 24 ಗಂಟೆ ನೀರು ಯಾಕ್ರೀ, ಅದೆಲ್ಲಾ ಐಷಾರಾಮ" ಅನ್ನೋರು ಇದನ್ನ ಯೋಚಿಸ್ಬೇಕು. ಇಲ್ಲಿ ನಾನು ನಡುರಾತ್ರೀಲಿ ನಳ ತಿರುಗಿಸಿದ್ರೂ ನೀರು ಬರುತ್ತೆ. ಕಾಯಿಸಿ ಕುಡಿ ಅಂತ ಯಾರೂ ನನಗೆ ಪಾಠ ಹೇಳೋಲ್ಲ.

ಹಾಗಂತ ನಳ ಒಂದರಿಂದಲೇ ಎಲ್ಲಾ ಸರಿಹೋಗೋಲ್ಲ. ಒಟ್ಟು ಭೇದಿ ಕಡಿಮೆಯಾಗ್ಲಿಲ್ಲ ಅನ್ನೋದನ್ನ ಮುಚ್ಚಿಡೋದು ಬೇಡ. ಶೌಚಾಲಯ, ಒಳಚರಂಡಿ ಎರಡೂ ಬೇಕು. ಮೀಟರ್ ಹಾಕಿದ ಮೇಲೆ ಬರೋ ಬಿಲ್ಲು ಕೂಲಿಯವರ ಕೈಗೆಟುಕುವಂತಿರ್ಬೇಕು, ಇಲ್ಲದಿದ್ರೆ ಬಂದ ನಳವೂ ಕಟ್ ಆಗುತ್ತೆ.

ಅಲ್ಲೀವರೆಗೆ? ಮುಚ್ಚಳ ಇರೋ, ನಲ್ಲಿ ಜೋಡಿಸಿದ ಪಾತ್ರೆ, ಕ್ಲೋರಿನ್ ಮಾತ್ರೆ, ಭೇದಿ ಶುರುವಾದ ಕೂಡ್ಲೇ ಓಆರ್‌ಎಸ್, ಜೊತೆಗೆ ಜಿಂಕ್ ಮಾತ್ರೆ. ಇವನ್ನ ಮನೆಮನೆಗೆ ಮುಟ್ಟಿಸೋದು ದೊಡ್ಡ ಖರ್ಚಿನ ಮಾತಲ್ಲ.

ಗೋಡೆಬರಹಕ್ಕೆ ಬಣ್ಣ ಹಚ್ಚೋದು ಸುಲಭ, ಪೈಪ್ ಹಾಕೋದು ಕಷ್ಟ. ಓಟು ಕೇಳೋಕೆ ಬಂದವರನ್ನ ನಾವು ಕೇಳಬೇಕಾದ್ದು ಆ ಕಷ್ಟದ ಕೆಲಸವನ್ನೇ. ಏನಂತೀರಿ?