ನಲ್ಲಿಯ ನೀರಿಗೊಬ್ಬ ಕಾವಲುಗಾರ

ವಿದ್ಯಾರಣ್ಯಪುರದ ಮನೆಯೊಂದರ ಸಂಪಿಗೆ ಬಂದು ಬೀಳುವ ಕಾವೇರಿಯ ನೀರು ಬಹು ದೂರದ ಪ್ರಯಾಣಿಕ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡು, ಸುಮಾರು 100 ಕಿಲೋಮೀಟರ್ ದೂರವನ್ನು ಕೊಳವೆಗಳಲ್ಲಿ ಕ್ರಮಿಸಿ, ಪಂಪುಗಳ ಬಲದಿಂದ ಸುಮಾರು 500 ಮೀಟರ್ ಎತ್ತರವನ್ನೇರಿ ಅದು ಬೆಂಗಳೂರನ್ನು ಸೇರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂದಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವು ಉದ್ಘಾಟನೆಗೊಂಡಿತು.

ಇಷ್ಟು ದೂರ ನಿರ್ಮಲವಾಗಿ ಬಂದ ನೀರಿಗೆ ಅಪಾಯ ಕಾದಿರುವುದು ಹೆಚ್ಚಾಗಿ ಕಡೆಯ ಬೀದಿಯಲ್ಲಿ. ನೀರು ಬಿಡದ ಹೊತ್ತಿನಲ್ಲಿ ಕೊಳವೆ ಬರಿದಾಗಿ ಒಳಗಿನ ಒತ್ತಡ ತಗ್ಗುತ್ತದೆ. ಆಗ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪಕ್ಕದ ಒಳಚರಂಡಿಯ ಕೊಳೆ ಒಳಸೇರಬಹುದು. ಕಣ್ಣಿಗೆ ತಿಳಿಯಾಗಿಯೇ ತೋರುವ ಆ ನೀರು ಎಳೆಯ ಮಕ್ಕಳಿಗೆ ವಾಂತಿಭೇದಿಯನ್ನು ತಂದೊಡ್ಡುವುದುಂಟು.

ಪ್ರಯೋಗಾಲಯದಲ್ಲಿ ರೋಗಾಣುಗಳನ್ನು ಬೆಳೆಸಿ ನೋಡುವ ಪರೀಕ್ಷೆಗೆ ಸುಮಾರು ಒಂದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಮನೆಮಂದಿಯೆಲ್ಲರೂ ಆ ನೀರನ್ನು ಕುಡಿದಾಗಿರುತ್ತದೆ. ಈ ಕೊರತೆಯನ್ನು ತುಂಬಲು ಬಂದಿರುವುದೇ ಸಂವೇದಕ, ಅಂದರೆ ಸೆನ್ಸರ್. ಕೊಳವೆಯಲ್ಲಿಯೇ ಕುಳಿತು ಹಗಲಿರುಳು ನೀರನ್ನು ಪರೀಕ್ಷಿಸುವ ಸಾಧನವಿದು. ಒಂದು ಬಗೆಯದು ಬೆಳಕಿನ ಕಿರಣವನ್ನು ಹಾಯಿಸಿ, ಅದು ಚದುರುವ ಪ್ರಮಾಣದಿಂದ ಕದಡನ್ನು ಅಳೆಯುತ್ತದೆ. ಇನ್ನೊಂದು ಆಮ್ಲಕ್ಷಾರಗಳನ್ನು ತಿಳಿಸುತ್ತದೆ. ಮತ್ತೊಂದು ನೀರಿನಲ್ಲಿ ವಿದ್ಯುತ್ತು ಹರಿಯುವ ಬಗೆಯಿಂದ ಕರಗಿದ ಲವಣಗಳನ್ನು ಅಂದಾಜು ಮಾಡುತ್ತದೆ.

ಈ ಕಡೆಯದರ ಚಿಕ್ಕ ರೂಪವೇ ನೀರು ಶುದ್ಧೀಕರಣ ಯಂತ್ರಗಳನ್ನು ಮಾರುವವರು ಲೋಟಕ್ಕೆ ಅದ್ದಿ ತೋರಿಸುವ ಟಿಡಿಎಸ್ ಕಡ್ಡಿ. ಅಂಕಿ ಕಡಮೆಯಿದ್ದರೆ ನೀರು ಒಳ್ಳೆಯದೆಂದು ಗೃಹಿಣಿಯರು ನಂಬುತ್ತಾರೆ. ಆದರೆ ಆ ಕಡ್ಡಿಗೆ ರೋಗಾಣುಗಳ ಪರಿಚಯವೇ ಇಲ್ಲ! ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ಕೊಳವೆಬಾವಿಯ ನೀರು ನಿರಪಾಯವಾಗಿರಬಹುದು. 150 ತೋರುವ ನೀರಿನಲ್ಲಿ ರೋಗವೇ ಅಡಗಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಮೂಳೆಗಳನ್ನು ಕೆಡಿಸಬಲ್ಲ ಫ್ಲೋರೈಡನ್ನೂ ಅದು ಬೇರ್ಪಡಿಸಿ ಹೇಳಲಾರದು.

ನಲ್ಲಿಯ ನೀರಿನ ಮಟ್ಟಿಗೆ ನಿಜವಾದ ಕಾವಲುಗಾರನೆಂದರೆ ಕ್ಲೋರಿನ್. ಶುದ್ಧೀಕರಣದ ಬಳಿಕವೂ ಲೀಟರಿಗೆ 0.2 ಮಿಲಿಗ್ರಾಮಿನಷ್ಟಾದರೂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಕೊಳೆ ಬೆರೆತೊಡನೆ ಅದರೊಡನೆ ಸೆಣಸಿ ಕ್ಲೋರಿನ್ ತಾನೇ ವ್ಯಯವಾಗುತ್ತದೆ. ನಿನ್ನೆಯವರೆಗೆ ಇದ್ದ ಕ್ಲೋರಿನ್ ಇಂದು ಮಾಯವಾಗಿದ್ದರೆ ಎಲ್ಲಿಯೋ ಕೊಳವೆ ಒಡೆದಿರಬಹುದೆಂದು ಶಂಕಿಸಬೇಕು. ಕ್ಲೋರಿನ್ ಸಂವೇದಕದ ಹಿರಿಮೆ ಇರುವುದು ಇಲ್ಲಿ: ರೋಗಾಣುವನ್ನು ಕಾಣದಿದ್ದರೂ ಅದರ ಬರವಿನ ಸುಳಿವನ್ನು ಅದು ಕೂಡಲೆ ಕೊಡಬಲ್ಲದು.

ಯಂತ್ರಕ್ಕೂ ಆರೈಕೆ ಬೇಕು. ಅದರ ಮೊನೆಗೆ ಲೋಳೆ ಕಟ್ಟಿದರೆ ಅಂಕಿ ದಾರಿ ತಪ್ಪುತ್ತದೆ. ಕಾಲಕಾಲಕ್ಕೆ ತೊಳೆದು, ಪ್ರಮಾಣ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಬೇಕು. ಎಚ್ಚರಿಕೆ ಬಂದಾಗ ಎದ್ದು ಹೋಗಿ ಕವಾಟ ಮುಚ್ಚುವವನೂ ಇರಬೇಕು.

ಸಂವೇದಕ ಕೈಗೆಟುಕದ ಮನೆಯವರು ಅಲ್ಪ ಬೆಲೆಯ ಕ್ಲೋರಿನ್ ಪರೀಕ್ಷಾ ಪೆಟ್ಟಿಗೆಯನ್ನು ತಂದಿಟ್ಟುಕೊಳ್ಳುವುದು ಲೇಸು. ಕಾವೇರಿಯ ನೀರು ಸಂಪಿಗೆ ಬೀಳುವ ಮುನ್ನವೇ ಹಿಡಿದು ಪರೀಕ್ಷಿಸಬೇಕು. ಕ್ಲೋರಿನ್ ಸುಳಿವೇ ಇಲ್ಲವಾದರೆ ಸಂಪಿನ ಕವಾಟ ಮುಚ್ಚಿ, ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಜಲಮಂಡಳಿಗೆ ಅಂದೇ ದೂರು ಕೊಡಬೇಕು. ನೆರೆಮನೆಯವರಿಗೂ ಒಂದು ಮಾತು ತಿಳಿಸುವುದನ್ನು ಮರೆಯಬಾರದು. ಬೀದಿಗೆಲ್ಲ ಬರುವುದು ಅದೇ ಕೊಳವೆಯ ನೀರಲ್ಲವೆ?